ಕಿತ್ತಳೆ ಬಟ್ಟೆಯವರೆಗೆ

ಗುದ್ದಲಿ ಕೊಡುತ್ತ ವಿಲ್ಮಾರ್ ಹೇಳುತ್ತಾನೆ:
"ಒಂದೂವರೆ ಮೊಳ, ಮಾಯೆಸ್ತ್ರಾ, ಅಷ್ಟೇ.
ಕಿತ್ತಳೆ ಬಟ್ಟೆ ಕಂಡಿತೋ, ಕೈ ನಿಲ್ಲಿಸಿ."

ಬ್ಯಾಟರಿ ಕರಗಿಸುತ್ತಿದ್ದ ಕಾರ್ಖಾನೆಯ ಅಂಗಳ ಇದು.
ಮೊಂತೆವಿದೇಯೊದ ಪಡುವಣ ಅಂಚು, ಹಳ್ಳದ ದಂಡೆ.
ಚಿಮಣಿ ಉರುಳಿಸಿದ ದಿನ ಬೀದಿಗೆ ಬೀದಿಯೇ ನಿಂತು ನೋಡಿತು.
ಚಪ್ಪಾಳೆ ಯಾರೂ ತಟ್ಟಲಿಲ್ಲ;
ಅರ್ಧ ಬೀದಿಗೆ ಅದರ ಅನ್ನದ ಋಣವಿತ್ತು.

ಆಮೇಲೆ ಲಾರಿಗಳು. ಮೇಲ್ಮಣ್ಣು ಬಾಚಿ ಎಲ್ಲಿಗೋ ಒಯ್ದರು.
ಎಲ್ಲಿಗೆ ಎಂದು ಅವನ ತಾಯಿ ಸುಲ್ಮಾ
ನಗರಸಭೆಗೆ ಮೂರು ಪತ್ರ ಬರೆದಳು. ಉತ್ತರವಿಲ್ಲ.
ಯಾವುದೋ ಊರು ಈಗ ನಮ್ಮ ಧೂಳು ಕುಡಿಯುತ್ತಿರಬೇಕು.
ಬಾಚಲಾಗದೆ ಉಳಿದದ್ದರ ಮೇಲೆ ಈ ಬಟ್ಟೆ ಹಾಸಿ,
ಬಟ್ಟೆಯ ಮೇಲೆ ಹೊಳೆಯಾಚೆಯ ಹೊಲದ ಕಪ್ಪುಮಣ್ಣು.
ಈಗ ಮೂವತ್ತೆರಡು ಪಾತಿ, ಒಂದು ಜಾರುಬಂಡೆ,
ಬೀಗವಿಲ್ಲದ ಗೇಟು.

ನನ್ನದು ಹತ್ತೊಂಬತ್ತನೆಯದು. ಈರುಳ್ಳಿ, ಒಂದಿಷ್ಟು ಸೊಪ್ಪು,
ಪಕ್ಕದ ಪಾತಿಗೆ ಹಬ್ಬಿ ಬೈಗುಳ ತಿನ್ನುವ ಕುಂಬಳ.

ಮೂರನೇ ತರಗತಿಯಲ್ಲಿ ವಿಲ್ಮಾರ್ ನನ್ನ ಹುಡುಗ.
ಸೀಸದಕಡ್ಡಿ ಹಿಡಿದರೆ ಕೈ ನಡುಗುತ್ತಿತ್ತು.
ನಿನ್ನೆ ಕಲಿತದ್ದು ಇವತ್ತಿಗಿಲ್ಲ.
"ಮಂದ. ಗಮನವಿಲ್ಲ. ಮನೆಯಲ್ಲಿ ಶಿಸ್ತು ಕಲಿಸಿ."
ದುಂಡಗೆ ಬರೆದು ಸಹಿ ಹಾಕಿದವಳು ನಾನು.
ಸೋಮವಾರ ಸೋಮವಾರ ಉಗುರು ನೋಡುವ ಸಾಲಿನಲ್ಲಿ
ಅವನ ಕೈ ಹಿಡಿದೆತ್ತಿ, ಎಲ್ಲರೆದುರು
ಛೀ ಎಂದವಳೂ.

ಸೀಸದಕಡ್ಡಿಯಲ್ಲಿ ಸೀಸವೇ ಇರುವುದಿಲ್ಲವಂತೆ.
ಇದ್ದದ್ದು ಅವನ ನೆತ್ತರಲ್ಲಿ.
ಈ ಅಂಗಳದಲ್ಲಿ ಕೂತು ಮಣ್ಣು ತಿನ್ನುತ್ತಿದ್ದ ಕೂಸು;
ಬಾಯಿಗೆ ಮಣ್ಣು ಹಾಕಿದವರು ಮಾತ್ರ
ಸಂಬಳದ ದಿನ ತಪ್ಪದೆ ಬರುತ್ತಿದ್ದರು, ಬಿಳಿ ಅಂಗಿಯಲ್ಲಿ.

ನೆನಪಿದೆಯಾ ಅಂತ ನಾನು ಕೇಳಿಲ್ಲ.
ಅವನು ದಿನವೂ ಅದೇ ಹೇಳುತ್ತಾನೆ, ಒಂದೂವರೆ ಮೊಳ,
ನಿನ್ನೆ ಹೇಳಿದ್ದು ಮರೆತನೋ,
ನಾನು ಮರೆತಿರುತ್ತೇನೆ ಎಂದುಕೊಂಡನೋ.

ಇವತ್ತು ಕುಂಬಳದ ಬೇರು ಕೀಳುವಾಗ ಗುದ್ದಲಿ ಜಾರಿ
ಕಿತ್ತಳೆಯ ಒಂದೆಳೆ ಮೇಲೆದ್ದಿತು, ಹೊಸ ಬಟ್ಟೆಯಷ್ಟು ಹೊಳಪು.
ನಿಲ್ಲಿಸಿದೆ. ಕೂಗಿದೆ.
ವಿಲ್ಮಾರ್ ಬಂದು ಮಂಡಿಯೂರಿ, ಎಳೆಯನ್ನು ಒಳಗೆ ತುರುಕಿ,
ಹಿಡಿ ಹಿಡಿಯಾಗಿ ಮಣ್ಣು ಮುಚ್ಚಿ, ಅಂಗೈಯಿಂದ ತಟ್ಟಿದ,
ನಿದ್ದೆಗೆಟ್ಟ ಮಗುವನ್ನು ತಟ್ಟುವ ಹಾಗೆ.
ಆ ಕೈ ನಡುಗಲಿಲ್ಲ.

"ತೊಳೆದುಕೊಂಡು ಬನ್ನಿ," ಅಂದ. "ಉಗುರ ಸಂದಿಯೂ."

ನಲ್ಲಿಯಿಂದ ಬಂದು
ಎರಡೂ ಕೈ ಮುಂದೆ ಚಾಚಿ ನಿಂತೆ.
ತಿರುಗಿಸಿ ತೋರಿಸಿದೆ.
ಅವನು ಒಂದೊಂದೇ ಬೆರಳು ನೋಡಿ, ತಲೆಯಾಡಿಸಿ,
ಇಪ್ಪತ್ತನೇ ಪಾತಿಗೆ ಹೋದ.