ಕೆಳಗಿನ ಒತ್ತು

ಡುಲುತ್ ಊರಿನ ಈ ಶಾಲೆಯಲ್ಲಿ ನನ್ನದು
ಮೊದಲು ಪೊರಕೆ, ಬಕೆಟ್ಟು ಇಡುತ್ತಿದ್ದ ಕೋಣೆ.
ಈಗ ಒಂದು ಮೇಜು, ಎರಡು ಪುಟ್ಟ ಕುರ್ಚಿ,
ಓದಲು ತಡವರಿಸುವ ಮಕ್ಕಳು, ಸರದಿಯಲ್ಲಿ.
ಅಂಗೈಯಗಲದ ಕಿಟಕಿ, ಅದರ ತುಂಬ ಸರೋವರ.
ಅದಿರಿನ ಹಡಗು ನಿಂತ ಹಾಗೇ ಚಲಿಸುತ್ತದೆ.

ಐವರ್, ಎರಡನೆಯ ಕ್ಲಾಸು.
ಹತ್ತೂಕಾಲಿಗೆ ಬಂದು ಹತ್ತೂಮುಕ್ಕಾಲಿಗೆ ಹೋಗುತ್ತಾನೆ.
ಹೋದ ಮೇಲೆ ನಾನು ಬರೆಯುತ್ತೇನೆ
ನಾವಿಬ್ಬರೂ ತೆರೆಯಬಲ್ಲ ಕಡತದಲ್ಲಿ, ಅವನ ಹಾಳೆಯಲ್ಲಿ:
ಬಿ-ಗೆ, ಡಿ-ಗೆ ಹೊಟ್ಟೆ ಯಾವ ಕಡೆಯೆಂದು ಇನ್ನೂ ಗೊಂದಲ.
ಬೆರಳಿಟ್ಟು ಓದಿದರೆ ಸಾಲು ತಪ್ಪುವುದಿಲ್ಲ.
ಚಿತ್ರ ಮುಚ್ಚಿದರೆ ಸಿಟ್ಟು.

ನಾವಿಬ್ಬರೂ ಎಂದರೆ ನಾನು ಮತ್ತು ರೀಟಾ ಹಾಗೆನ್,
ಇಪ್ಪತ್ತೊಂಬತ್ತು ವರ್ಷದಿಂದ ಅದೇ ಹನ್ನೆರಡನೇ ಕೋಣೆ.
ಸೀಮೆಸುಣ್ಣ ಹೋಗಿ ಎಷ್ಟೋ ಕಾಲವಾಯಿತು,
ಕೈ ಝಾಡಿಸಿಕೊಳ್ಳುವ ಚಾಳಿ ಹೋಗಿಲ್ಲ.

ಹಾಳೆಯ ತುದಿಯಲ್ಲಿ ಬೂದು ಬಣ್ಣದ ಸಣ್ಣಕ್ಷರ,
ನೋಡಿದವರು: ಒಬ್ಬರು.
ಆ ಒಬ್ಬರು ನಾನೇ.
ಆರು ವಾರ ನಾನೇ ಬರೆದು ನಾನೇ ಓದಿದೆ,
ಬಾವಿಗೆ ಬಗ್ಗಿ ತನ್ನ ಹೆಸರನ್ನೇ ಕೂಗಿದವಳ ಹಾಗೆ.

ನಡುವೆ ಹುಡುಗ.
ಇಲ್ಲಿ ನಾನು: ಬಿಡಿಸಿ ಓದು, ಒಂದೊಂದೇ ಅಕ್ಷರ, ಅವಸರ ಬೇಡ.
ಅಲ್ಲಿ ಆಕೆ: ಚಿತ್ರ ನೋಡು, ಏನಿರಬಹುದು, ಊಹಿಸು.
ಒಂದು ದಿನ ಪುಸ್ತಕ ಮಡಿಚಿಟ್ಟು ಕೇಳಿದ,
ಆ ಕೋಣೆಯ ಓದು, ಈ ಕೋಣೆಯ ಓದು ಬೇರೆ ಬೇರೆಯಾ?
ನಾನು ಪೆನ್ಸಿಲ್ ಚೂಪು ಮಾಡಿದೆ.
ಅದಾಗಲೇ ಚೂಪಾಗಿತ್ತು.

ನವೆಂಬರಿನ ಒಂದು ರಾತ್ರಿ, ಹನ್ನೊಂದೂ ನಲವತ್ತು,
ನನ್ನ ಸಾಲಿನಡಿ ಇನ್ನೊಂದು ಸಾಲು ನೇತುಬಿದ್ದಿತ್ತು,
ನಮ್ಮ ಅಕ್ಷರಕ್ಕೆ ಒತ್ತು ಕೊಟ್ಟ ಹಾಗೆ, ಸಣ್ಣಗೆ.
ಒತ್ತು ತಗುಲಿದರೆ ಹಳಿ ಹಳ್ಳಿಯಾಗುತ್ತದೆ,
ಕತೆ ಕತ್ತೆಯೂ ಆಗುತ್ತದೆ. ಎರಡಕ್ಕೂ ಸಿದ್ಧಳಾಗಿ ಓದಿದೆ:

ಇವತ್ತು ತಿಮಿಂಗಿಲದ ಪಾಠ. ಆ ಪದ ಬಂದಾಗ ಐವರ್
ದೀಪ ಆರಿಸುವಂತೆ ಮೊದಲು ಊದಿದ, ಆಮೇಲೆ ಓದಿದ.
ಚಿತ್ರ ನೋಡಲಿಲ್ಲ. ಇದು ನೀವು ಕಲಿಸಿದ್ದೆ?

ಮೂರು ಪ್ಯಾರಾ ಉತ್ತರ ಬರೆದೆ. ಅಳಿಸಿದೆ.
ಹೌದು ಎಂದಷ್ಟೇ ಬರೆದೆ. ಆಮೇಲೆ ತಡೆಯಲಾರದೆ,
ಎಷ್ಟು ಜೋರಾಗಿ ಊದಿದ?
ಪಕ್ಕದವಳ ಹಾಳೆ ಹಾರುವಷ್ಟು, ಎಂದು ಬಂತು.

ಚಳಿಗಾಲ ಹೀಗೇ. ಆಕೆ ಊಹೆಯನ್ನು ಪೂರ್ತಿ ಬಿಡಲಿಲ್ಲ,
ನಾನೂ ಚಿತ್ರದ ಮೇಲಿಟ್ಟ ಕೈ ಒಮ್ಮೊಮ್ಮೆ ತೆಗೆದೆ.

ಆ ಸೋಮವಾರ ಐವರ್ ಓದಲಿಲ್ಲ. ಶೂ ಒದ್ದೆ.
ಪುಸ್ತಕದ ಮೇಲೆ ಕೆನ್ನೆಯಿಟ್ಟು ಹೇಳಿದ,
ರಾತ್ರಿ ವ್ಯಾನಿನಲ್ಲೇ ಮಲಗಿದ್ದು.
ಗಾಜಿನ ಒಳಗಡೆಯೇ ಮಂಜು ಕಟ್ಟಿತ್ತು.
ಬೆರಳಲ್ಲಿ ಬಿ ಬರೆದೆ, ಸರಿಯಾಗೇ ಬರೆದೆ,
ಅಮ್ಮ ಹೊರಗೆ ನಿಂತು ನೋಡಿದರೆ ಡಿ ಅಂತೆ.

ಕೀಲಿಗಳ ಮೇಲೆ ಬೆರಳಿಟ್ಟೆ. ಎತ್ತಿದೆ.
ಈ ಕಡತ ಮೂರನೆಯ ಕ್ಲಾಸಿಗೂ ಹೋಗುತ್ತದೆ, ಆರಕ್ಕೂ,
ಅವನು ಯಾವ ಊರು ಸೇರಿದರೂ ಹಿಂದೆ ಹಿಂದೆ.
ಅಳಿಸಿದರೂ, ಯಾರು, ಯಾವಾಗ, ಏನು ಅಳಿಸಿದರೆಂದು
ದಾಯಾದಿಯಷ್ಟು ನೆನಪು ಅದಕ್ಕೆ.
ಕೌನ್ಸೆಲರ್‌ಗೆ ಹೇಳುವ ದಾರಿ ಬೇರೆ, ಹೇಳಿದೆ.
ಆಮೇಲೆ ಹಾಲಿನ ಫ್ರಿಜ್ಜಿನ ಪಕ್ಕ, ರೀಟಾಗೆ, ಬಾಯಿಮಾತಲ್ಲಿ.
ಆಕೆ ಏನೂ ಅನ್ನಲಿಲ್ಲ. ಕೈ ಝಾಡಿಸಿಕೊಂಡರು, ಎರಡು ಸಲ.

ಅಂದಿನ ಹಾಳೆಯಲ್ಲಿ ನನ್ನದಿಷ್ಟೇ:
ಓದಿಸಲಿಲ್ಲ. ಬಿಸಿ ಓಟ್ಸ್ ಕೊಟ್ಟೆ.
ಕೆಳಗೆ, ರಾತ್ರಿಯಲ್ಲ, ಮಧ್ಯಾಹ್ನ ಒಂದೂ ಹತ್ತಕ್ಕೇ:
ನಾನೂ ಓದಿಸಲಿಲ್ಲ. ಶೂ ಹೀಟರಿನ ಮೇಲಿದೆ,
ಮೂರರೊಳಗೆ ಒಣಗೀತು.