ಮೂರನೇ ಮಹಡಿಯ ಸದ್ದು

ದೋಣಿ ಎಂಬ ಅರ್ಥದ ಹೆಸರಿನ ಊರು ನಮ್ಮದು, ವುಚ್.
ಹೊಳೆಗಳನ್ನೆಲ್ಲ ಎಂದೋ
ನೆಲದಡಿಯ ಕೊಳವೆಗೆ ತುರುಕಿಯಾಗಿದೆ.
ಮೇಲೆ ಟ್ರಾಮು ಓಡುತ್ತದೆ.
ಲಾಳಿಗೂ ನಮ್ಮಲ್ಲಿ ಪುಟ್ಟ ದೋಣಿ ಎಂದೇ ಹೆಸರು;
ನೀರಿಲ್ಲದೆ ತೇಲುವುದು ನಮಗೆ ಹೊಸದಲ್ಲ.

ಹತ್ತಿ ಗಿರಣಿ ಈಗ ಕಲೆಯ ಮನೆ.
ಬಣ್ಣದ ತೊಟ್ಟಿಯಿದ್ದಲ್ಲಿ ಕಾಫಿ,
ಬಾಯ್ಲರಿನ ಹೊಟ್ಟೆಯೊಳಗೆ ನಾಟಕ,
ಹಾಜರಿ ಹಾಕುತ್ತಿದ್ದ ಕಿಂಡಿಯಲ್ಲಿ ಟಿಕೆಟ್ಟು.
ಕೆಂಪು ಇಟ್ಟಿಗೆಯನ್ನು ಎಷ್ಟು ತೊಳೆದರೆಂದರೆ
ಮಸಿ ಬೇಕೆನಿಸಿದ ಕಡೆ ಮತ್ತೆ ತಂದು ಬಳಿಯಬೇಕಾಯಿತು.

ನನ್ನದು ಶನಿವಾರ ಭಾನುವಾರದ ನೌಕರಿ:
ಮೂರನೇ ಮಹಡಿ, ಖಾಲಿ ಕೋಣೆ, ಗೋಡೆಗೊಂದು ಹಸಿರು ಗುಂಡಿ.
ಜನ ಬಂದು ನಿಂತರೆ ಒತ್ತುತ್ತೇನೆ.
ಮುನ್ನೂರು ಮಗ್ಗಗಳ ಸದ್ದು, ನಾಲ್ಕು ನಿಮಿಷ,
ಯಾರೋ ಕಲಾವಿದ ಎಲ್ಲೆಲ್ಲಿಂದಲೋ ಹೆಕ್ಕಿ ಹೊಲಿದದ್ದು.
ಎದೆಗೂಡಿನೊಳಗೇ ಲಾಳಿ ಎಸೆದಂತಾಗುತ್ತದೆ.
ನನ್ನ ಕಿವಿಗೆ ಹತ್ತಿ. ಹೌದು, ಹತ್ತಿಯೇ. ನಗಬೇಡಿ.
ಒಬ್ಬರಿಗೆ ಒಂದೇ ಸಲ, ಎನ್ನುತ್ತದೆ ಫಲಕ.
ಮಕ್ಕಳು ಕಿರುಚುತ್ತಾರೆ, ಜೋಡಿಗಳು ಫೋಟೋ ಹಿಡಿಯುತ್ತಾರೆ,
ವಾರ್ಸಾದವರು ಅದ್ಭುತ ಅದ್ಭುತ ಅನ್ನುತ್ತ
ಕಾಫಿಗೆ ಇಳಿಯುತ್ತಾರೆ.

ನವೆಂಬರಿನ ಒಂದು ಭಾನುವಾರ ಗೆನೊವೇಫಾ ಬಂದಳು.
ಹೆಸರು ಆಮೇಲೆ ತಿಳಿದದ್ದು.
ಮೊಮ್ಮಗಳ ತೋಳು, ಒದ್ದೆ ಕೊಡೆ, ಉಣ್ಣೆಯ ಟೋಪಿ.
ಅತ್ತಿತ್ತ ನೋಡಲಿಲ್ಲ. ಕಂಬ ಎಣಿಸಿದಳು.
ಏಳನೆಯದಕ್ಕೆ ಬೆನ್ನು ಕೊಟ್ಟು ನಿಂತಳು.
ಆಚೆ ಮೂಲೆಯಲ್ಲಿ, ಯಾವುದೋ ಗುಂಪಿನಿಂದ ತಪ್ಪಿಸಿಕೊಂಡ
ಇನ್ನೊಬ್ಬ ಮುದುಕಿ, ಕಿಟಕಿಗೆ ಮುಖ.

ಒತ್ತಿದೆ.

ಗೆನೊವೇಫಾ ಮೊದಲು ಮಾಡಿದ್ದು
ಕಿವಿಯ ಯಂತ್ರ ಕಿತ್ತು ಜೇಬಿಗೆ ಹಾಕಿಕೊಂಡದ್ದು.
ಆಮೇಲೆ ತುಟಿ ಆಡಿಸಿದಳು.
ದನಿಯಿಲ್ಲ. ತುಟಿಯನ್ನು ಹಿಗ್ಗಿಸಿ, ಚೂಪು ಮಾಡಿ,
ಒಂದೊಂದು ಮಾತನ್ನೂ ಹಿಂಜಿ ಹಿಂಜಿ
ಗಾಳಿಗೆ ಹರವಿದಂತೆ.
ಕಿಟಕಿಯವಳು ಗಾಜಿನಲ್ಲಿ ಕಂಡಳೋ ಏನೋ, ತಿರುಗಿದಳು.
ಅವಳ ತುಟಿಯೂ ಹೊರಟಿತು.

ಕೋಣೆಯ ಉದ್ದಕ್ಕೂ ಸದ್ದು ಹಾಸಾಗಿ ಬಿಗಿದಿತ್ತು.
ಅದರ ಸಂದಿಯಲ್ಲಿ ಅತ್ತಣಿಂದಿತ್ತ, ಇತ್ತಣಿಂದತ್ತ
ಅವರ ಹೊಕ್ಕು.
ನನಗೆ ಒಂದು ಎಳೆಯೂ ಸಿಕ್ಕಲಿಲ್ಲ.
ಮೊಮ್ಮಗಳು ನನ್ನತ್ತ ನೋಡಿದಳು, ನಾನು ಅವಳತ್ತ,
ದೊಡ್ಡವರ ಗುಟ್ಟಿನ ನಡುವೆ ಸಿಕ್ಕಿಬಿದ್ದ ಮಕ್ಕಳ ಹಾಗೆ.
ಒಮ್ಮೆ ಗೆನೊವೇಫಾ ಹೊಟ್ಟೆ ತೋರಿಸಿ ಎರಡು ಬೆರಳೆತ್ತಿದಳು.
ಆಚೆಯವಳು ಇಲ್ಲದ ಮೀಸೆ ತಿರುವಿದಳು;
ಮೇಸ್ತ್ರಿ ಇರಬೇಕು, ಸತ್ತಿರಬೇಕು:
ಇಬ್ಬರೂ ಒಟ್ಟಿಗೆ ನಕ್ಕು,
ಎದೆಯ ಮೇಲೆ ಶಿಲುಬೆ ಬರೆದುಕೊಂಡು ಮತ್ತೂ ನಕ್ಕರು.

ನಾಲ್ಕು ನಿಮಿಷ ಮುಗಿಯಿತು.
ಕತ್ತರಿ ಆಡಿಸಿದ ಹಾಗೆ ಮೌನ.

ನಡೆದು ಬಂದು ಕೈ ಹಿಡಿದುಕೊಂಡರು.
ಯಂತ್ರ ಕಿವಿಗೆ ಮರಳಿತು.
ಗೆನ್ಯಾ, ಎಂದಳು ಲುತ್ಸಿನಾ.
ಗೆನೊವೇಫಾ ಬೆಚ್ಚಿ
ಹಿಂದಿನಿಂದ ಯಾರೋ ಕರೆದರೆಂದು ತಿರುಗಿ ನೋಡಿದಳು.

ಹತ್ತೊಂಬತ್ತು ವರ್ಷ ಎದುರುಬದುರು ಮಗ್ಗ.
ಊಟದ ಗಂಟೆ ಬೇರೆ ಬೇರೆ;
ಗೇಟು ದಾಟಿದರೆ ಒಬ್ಬಳಿಗೆ ಮೂಡಣ ಟ್ರಾಮು,
ಒಬ್ಬಳಿಗೆ ಪಡುವಣದ್ದು.
ಬಸಿರು, ಬಾಕಿ, ಗಂಡನ ಕುಡಿತ, ಎಲ್ಲ ಗೊತ್ತು.
ದನಿ ಮಾತ್ರ ಇದೇ ಮೊದಲು:
ಕೀರಲು, ಎಳೆಯ ಹುಡುಗಿಯದರಂತೆ.

ಆ ದನಿಯನ್ನು ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.
ಚಳಿಯ ಬಗ್ಗೆ ಮಾತಾಡಿದರು. ಮಂಡಿನೋವು.
ಕೆಳಗೆ ಕಾಫಿಗೆ ಎಷ್ಟು ಬೆಲೆ.
ಬಸ್ಸಿನಲ್ಲಿ ಪಕ್ಕ ಕೂತವರಷ್ಟೇ ಮರ್ಯಾದೆಯಿಂದ.
ಎಳೆ ಕಡಿಯಿತು.
ಗಂಟು ಹಾಕಲು ಯಾರಿಗೂ ಕೈ ಬರಲಿಲ್ಲ.

ಆಗ ಲುತ್ಸಿನಾ ನನ್ನ ಕಡೆ ತಿರುಗಿ
ತುಟಿಯಲ್ಲೇ ಏನೋ ಅಂದಳು.
ಅದೊಂದು ಮಾತ್ರ
ನನಗೂ ಓದಲು ಬಂತು.

ಮೆಟ್ಟಿಲ ಮೇಲೆ ಜನ ಸಾಲುಗಟ್ಟಿದ್ದರು.
ಫಲಕಕ್ಕೆ ಬೆನ್ನು ಹಾಕಿದೆ.
ಆ ದಿನದ ವಹಿಯಲ್ಲಿ ನನ್ನ ಕೈಬರಹ ಈಗಲೂ ಇದೆ:
ಗುಂಡಿ ಒಳಗೇ ಸಿಕ್ಕಿಕೊಂಡಿತ್ತು,
ಒಂಬತ್ತು ಸಲ.