ಹದಿನಾಲ್ಕನೇ ಅಂಗಿಯ ಜೇಬು

ಮದುವೆ ಮುಗಿದ ಮಾರನೆಯ ಬೆಳಗ್ಗೆ
ಅಶ್ವತ್ಥಯ್ಯನವರ ಲಗೇಜು ಆಟೋದಲ್ಲಿ ಬರುತ್ತವೆ
ಇಪ್ಪತ್ತೆರಡು ಅಂಗಿ, ಇಪ್ಪತ್ತೆರಡು ಪಂಚೆ.
ಎಲ್ಲ ಬಿಳಿ ಎಂಬುದು ಲೆಕ್ಕಕ್ಕೆ ಮಾತ್ರ.

ಗಂಟು ಬಿಚ್ಚಿದರೆ ಊಟದ ಪಂಕ್ತಿಯೇ ಎದುರು ಕೂರುತ್ತದೆ:
ತೋಳಿನ ತುದಿಗೆ ಹುಳಿ, ಮೊಣಕಾಲಿಗೆ ತಿಳಿಸಾರು,
ಬಗ್ಗಿ ಬಡಿಸಿದವನ ಎದೆಗೆ
ಯಾವುದೋ ಮಗುವಿನ ಐದು ಬೆರಳು, ಕೇಸರೀಬಾತಿನವು.
ಯಾರೋ ಬೇಡ ಬೇಡ ಎಂದು ಕೈ ಅಡ್ಡ ಇಟ್ಟಿದ್ದಾರೆ,
ಸೌಟು ಅಲುಗಿ ಪಾಯಸ ಪಂಚೆಗೆ ಬಿದ್ದಿದೆ.
ಮದುಮಗಳ ಹೆಸರು ನನಗೆ ತಿಳಿಯದು.
ಸಾರಿಗೆ ಖಾರ ಮುಂದಾಗಿತ್ತು, ಅದು ತಿಳಿಯುತ್ತದೆ.

ಚಿಂತಾಮಣಿಯ ಬೋರ್‌ವೆಲ್ ನೀರು
ಸೋಪಿನ ಜೊತೆ ಮಾತು ಬಿಟ್ಟು ಎಷ್ಟೋ ವರ್ಷ.
ಉಜ್ಜಿದರೆ ನೊರೆ ಇಲ್ಲ, ಒಡೆದ ಹಾಲಿನ ಹಾಗೆ ತರಿತರಿ.
ಕುಡಿಯುವ ಕ್ಯಾನಿನಿಂದ ಎರಡು ಚೊಂಬು
ಕಲೆಗೆಂದೇ ಎತ್ತಿಡುತ್ತೇನೆ.
‘ನಮಗೆ ಬೋರು ನೀರು, ಅಂಗಿಗೆ ಫಿಲ್ಟರಾ?’ ಮಗಳು ಕೇಳುತ್ತಾಳೆ.
ಅಂಗಿ ದುಡ್ಡು ಕೊಡುತ್ತೆ ಕಣೇ.

ಒಂದೊಂದು ಕಲೆಗೆ ಒಂದೊಂದು ಹಟ.
ಅರಿಶಿನಕ್ಕೆ ಸೋಪು ತೋರಿಸಿದರೆ ಸಿಟ್ಟಿಗೆದ್ದು ಕೆಂಪಾಗುತ್ತದೆ,
ಹೊಸಬರು ಅಂಗಿ ಸತ್ತೇ ಹೋಯಿತು ಅಂದುಕೊಳ್ಳುತ್ತಾರೆ.
ನಾನು ಹೆದರುವುದಿಲ್ಲ. ಜಾಲಿಸಿ
ಅಂಬಾಜಿದುರ್ಗದ ಕಡೆ ಮುಖ ಮಾಡಿ ಹರವುತ್ತೇನೆ,
ಮೂರು ದಿನದ ಬಿಸಿಲು ಅದನ್ನು ಮಾತಾಡಿಸಿ ಕಳಿಸುತ್ತದೆ.
ಟೊಮೇಟೊಗೆ ತಣ್ಣೀರು, ಅದೂ ಬಟ್ಟೆಯ ಹಿಂದಿನಿಂದ.
ಹೊಕ್ಕ ಬಾಗಿಲಿನಲ್ಲೇ ಹೊರಗೆ ನೂಕಬೇಕು.

ತುಪ್ಪಕ್ಕೆ ಮಾತ್ರ
ಬಿಸಿಲೂ ನಾಟದು, ಬೈಗುಳವೂ ನಾಟದು.
ನೀರು ಹಾಕಿದರೆ ಮುಖ ತಿರುಗಿಸುತ್ತದೆ.
ಅಕ್ಕಿಹಿಟ್ಟು ಉದುರಿಸಿ ರಾತ್ರಿಯಿಡೀ ಬಿಡಬೇಕು.
ಈ ಅಕ್ಕಿಹಿಟ್ಟಿನ ಕತೆ ಅಶ್ವತ್ಥಯ್ಯನವರಿಗೆ ಗೊತ್ತಿಲ್ಲ.

ಪ್ರತಿ ಕೊರಳಪಟ್ಟಿಯ ಒಳಗೂ ಕೇರುಕಾಯಿಯ ಗುರುತು,
ನಮ್ಮತ್ತೆ ಕಲಿಸಿದ್ದು, ಯಾವ ಸೋಪಿಗೂ ಜಗ್ಗದು.
ಹೋಗಬಾರದ ಕಲೆ ಅದೊಂದೇ. ನಾವೇ ಹಾಕಿದ್ದು.
ಹದಿನಾಲ್ಕರವನ ಮುಖ ನಾನು ನೋಡಿಲ್ಲ.
ಎಡಮಗ್ಗುಲಿಗೆ ಕೊಳೆ ಹೆಚ್ಚು,
ಬಕೆಟ್ಟು ಎಡಗೈಲಿ ಹಿಡಿಯುತ್ತಾನೆ.
ಒಬ್ಬಟ್ಟಿನ ಮದುವೆಗಳಲ್ಲಿ ಅವನ ಜೇಬಿನ ಒಳಗೆ,
ನಾಲ್ಕು ಮಡಿಕೆ ಮಡಿಸಿದ ಒಬ್ಬಟ್ಟಿನ ಅಳತೆಗೆ,
ತುಪ್ಪದ ಮುಕ್ಕೋಣ.
ಒಂದೇ. ಎರಡಿದ್ದದ್ದು ಎಂದೂ ಕಂಡಿಲ್ಲ.

ಅಶ್ವತ್ಥಯ್ಯ ಒಗೆದದ್ದನ್ನೂ ಬೆಳಕಿಗೆ ಹಿಡಿದು ನೋಡುವವರು,
ಜೇಬು ಹೊರಕ್ಕೆಳೆದು ಮೂಸುವವರು.
ಹಾಗಾಗಿ ಹದಿನಾಲ್ಕಕ್ಕೆ ಮೊದಲು ಹಿಟ್ಟು,
ಮಿಕ್ಕ ಇಪ್ಪತ್ತೊಂದು ಆಮೇಲೆ.

ವೈಶಾಖದ ಮುಹೂರ್ತಗಳು ಶುರುವಾಗುವ ಮೊದಲು
ದಾರದ ಉಂಡೆ ಹಿಡಿದು ಅವರೇ ಬಂದರು.
‘ಜೇಬೆಲ್ಲ ಹೊಲಿದುಬಿಡಮ್ಮ. ಬಡಿಸೋರಿಗೆ ಜೇಬು ಯಾಕೆ?’
ಜೇಬಿಗೆ ಐದು ರೂಪಾಯಿ, ಒಟ್ಟು ನೂರಹತ್ತು.
ಬೇಡ ಅನ್ನಲಿಲ್ಲ. ಯುಗಾದಿಯ ಬಾಕಿ ಇನ್ನೂ ಅಂಗಡಿಯಲ್ಲಿತ್ತು.
ಹೊಲಿದೆ. ಹದಿನಾಲ್ಕಕ್ಕೂ ಹೊಲಿದೆ.
ಅದಕ್ಕೆ ಮಾತ್ರ ಉದ್ದುದ್ದ ಹೊಲಿಗೆ, ಕೊನೆಗೆ ಗಂಟಿಲ್ಲ,
ಎಳೆದರೆ ಬಂದುಬಿಡಬೇಕು.
ಅವನಿಗೆ ಹೇಳಿ ಕಳಿಸುವುದು ಹೇಗೆ,
ಅಂಗಿಯ ಕೈಯಲ್ಲಿ?

ಮದುವೆಯಾಯಿತು. ಗಂಟು ಬಂತು.
ಮೊದಲು ಅದನ್ನೇ ಹುಡುಕಿದೆ.
ನನ್ನ ಹೊಲಿಗೆ ಹಾಕಿದ ಹಾಗೇ ಇದೆ,
ಒಳಗೆ ಬೆರಳು ತೂರಿಸಿದರೆ ಒಣಬಟ್ಟೆ,
ಮೂಸಿದರೆ ಬರೀ ನನ್ನ ನೀಲಿಯ ವಾಸನೆ.
ಇಷ್ಟು ಚೊಕ್ಕ ಜೇಬನ್ನು ನಾನು ಯಾವತ್ತೂ ಒಗೆದಿರಲಿಲ್ಲ.
ಮಧ್ಯಾಹ್ನವೆಲ್ಲ ಕೈ ಓಡಲಿಲ್ಲ.

ಪಂಚೆಗಳನ್ನು ಕೊನೆಗೆ ಬಿಡಿಸಿದೆ.
ಸೊಂಟಕ್ಕೆ ಸುತ್ತಿ ಒಳಗೆ ಸಿಕ್ಕಿಸುತ್ತಾರಲ್ಲ, ಆ ಮಡಿಕೆಯಲ್ಲಿ
ತುಪ್ಪದ ಮುಕ್ಕೋಣ.
ಪಕ್ಕದಲ್ಲಿ ಇನ್ನೊಂದು.

ಡಬ್ಬದ ಹಿಟ್ಟು ಸಾಲಲಿಲ್ಲ.
ಪಕ್ಕದ ಮನೆಯ ಖಮರುನ್ನೀಸಾ ಹತ್ತಿರ ಒಂದು ಲೋಟ ಕಡ ಕೇಳಿದೆ.
‘ಏನು ವಿಶೇಷ?’ ಅಂದಳು.
‘ಒಬ್ಬಟ್ಟು’ ಅಂದೆ.
ಅಕ್ಕಿಹಿಟ್ಟಲ್ಲಾ?
ಎಂದು ನನ್ನ ಮುಖವನ್ನೇ ನೋಡಿದಳು.